ಬಂದೂಕಿನ ರೂಪವೂ ಶಾಸನದ ಅಳತೆಯೂ

ಆಯುಧದ ಜಾತಿಯನ್ನು ಅದರ ಉಪಯೋಗದಿಂದ ಗುರುತಿಸುವುದು ನಮ್ಮ ವಾಡಿಕೆ. ಶಾಸನವಾದರೋ ಅಳತೆಗೋಲನ್ನು ಕೈಗೆತ್ತಿಕೊಳ್ಳುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ 1934ರ ಕಾಯಿದೆಯು, ಸುಲಭವಾಗಿ ಮರೆಮಾಡಬಹುದಾದ ಗಿಡ್ಡ ರೈಫಲುಗಳಿಗೆ ನೋಂದಣಿಯನ್ನೂ 200 ಡಾಲರು ತೆರಿಗೆಯನ್ನೂ ವಿಧಿಸಿತು. 1960ರಿಂದ 16 ಅಂಗುಲಕ್ಕಿಂತ ಕಡಿಮೆ ನಳಿಗೆಯ ರೈಫಲು ಅಲ್ಲಿ ಗಿಡ್ಡದೆನಿಸಿದೆ. 10 ಅಂಗುಲ ನಳಿಗೆಯ ಪಿಸ್ತೂಲಿಗೆ ಈ ಕಟ್ಟಳೆ ತಗುಲದು. ಅದಕ್ಕೆ ಹೆಗಲಿಗೊತ್ತುವ ಹಿಡಿಯನ್ನು ಜೋಡಿಸಿದೊಡನೆ ಅದೇ ಗಿಡ್ಡ ರೈಫಲಾಗುತ್ತದೆ. ನೋಂದಣಿಯಿಲ್ಲದಿದ್ದರೆ ಒಡೆಯನು ಸೆರೆಮನೆಗೆ ಹೋಗಬೇಕಾದೀತು.

ಪಿಸ್ತೂಲು, ಹಿಡಿ, ಜೊತೆಗೆ 21 ಅಂಗುಲದ ಬೇರೊಂದು ನಳಿಗೆ, ಇವು ಬಿಡಿಬಿಡಿಯಾಗಿ ಒಟ್ಟಿಗಿದ್ದರೆ? ತಯಾರಕರೊಬ್ಬರು ತೆರಿಗೆ ಕಟ್ಟಿ, ಅದನ್ನು ಹಿಂದಕ್ಕೆ ಕೇಳಿ ದಾವೆ ಹೂಡಿದರು. 1992ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಆ ಭಾಗಗಳಿಂದ ನಿರ್ದೋಷವಾದ ಉದ್ದ ರೈಫಲನ್ನೂ ಕಟ್ಟಬಹುದಷ್ಟೆ. ದಂಡಿಸುವ ಶಾಸನದ ಮಾತು ಸಂದಿಗ್ಧವಾದರೆ, ಆ ಸಂದೇಹದ ಫಲವು ಪ್ರಜೆಗೇ ಸಲ್ಲತಕ್ಕದ್ದೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.