ತೇಗದ ಕ್ಯಾಮೆರಾ: ಮಾರುವ ಮುನ್ನ ಒಮ್ಮೆ ನೋಡಿ

ಹಳೆಯ ಮನೆಯ ಅಟ್ಟ ಗುಡಿಸುವಾಗಲೋ, ಪೇಟೆಯ ಹಳೇ ಸ್ಟುಡಿಯೋ ಮುಚ್ಚುವಾಗಲೋ ತೇಗದ ಚೌಕಟ್ಟಿನ, ಹಿತ್ತಾಳೆ ತಿರುಪುಗಳ, ನಡುವೆ ಹಾರ್ಮೋನಿಯಂನದರಂಥ ತಿದಿಯುಳ್ಳ ದೊಡ್ಡ ಕ್ಯಾಮೆರಾ ಸಿಗುವುದುಂಟು. ಇವನ್ನು ಅಲಂಕಾರದ ವಸ್ತುವೆಂದು ಕೊಳ್ಳುವ ವ್ಯಾಪಾರಿಗಳಿದ್ದಾರೆ. ಮಾರುವುದು ಬಿಡುವುದು ಅವರವರ ಇಷ್ಟ. ಆದರೆ ಇದು ಇಂದಿಗೂ ಚಿತ್ರ ತೆಗೆಯಬಲ್ಲ ಯಂತ್ರವೆಂದು ತಿಳಿದ ಮೇಲೆ ತೀರ್ಮಾನಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಇವೆಲ್ಲ ಇಂಗ್ಲೆಂಡಿನಿಂದಲೇ ಬಂದವಲ್ಲ. ನೆರೆಯ ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ 'ವಾಗೀಶ್ವರಿ' ಎಂಬ ಫೀಲ್ಡ್ ಕ್ಯಾಮೆರಾ ತಯಾರಾಗತೊಡಗಿತು. ಅದನ್ನು ಮಾಡಿದ ಕೆ. ಕರುಣಾಕರನ್ ಅವರ ಮನೆಯವರದು ಸಂಗೀತ ವಾದ್ಯಗಳ ಕಸುಬು. ಸ್ಟುಡಿಯೋದವರೊಬ್ಬರು ಕೆಟ್ಟ ತಿದಿಯನ್ನು ರಿಪೇರಿಗೆ ತಂದದ್ದೇ ಉದ್ಯಮಕ್ಕೆ ನಾಂದಿಯಾಯಿತು. ಹಾರ್ಮೋನಿಯಂ ತಿದಿ ಮಡಿಸಬಲ್ಲ ಕೈಗೆ ಕ್ಯಾಮೆರಾದ ತಿದಿ ಅಸಾಧ್ಯವೇನಲ್ಲ ತಾನೆ! ಮೈ ತೇಗದ್ದು, ಜೋಡಣೆ ಹಿತ್ತಾಳೆಯದು, ಲೆನ್ಸ್ ಮಾತ್ರ ವಿದೇಶದ್ದು. ಸಣ್ಣ ಫಿಲ್ಮ್ ಕ್ಯಾಮೆರಾಗಳ ಪೈಪೋಟಿಯಲ್ಲಿ 1980ರ ದಶಕದ ಹೊತ್ತಿಗೆ ಈ ತಯಾರಿಕೆ ನಿಂತಿತು. ಹೊಸದು ಬರುವುದಿಲ್ಲ, ಇರುವುದನ್ನು ಉಳಿಸಿಕೊಂಡರೆ ಉಂಟು.

ಮೊದಲು ನೋಡಬೇಕಾದ್ದು ಪ್ಲೇಟ್ ಹೋಲ್ಡರುಗಳನ್ನು. ಕಲಿಕೆಯ ಸ್ಲೇಟಿನಂತೆ ಕಾಣುವ ಈ ಚಪ್ಪಟೆ ಮರದ ಡಬ್ಬಿಗಳನ್ನು ಏನೆಂದು ತಿಳಿಯದೆ ಒಲೆಗೆ ಹಾಕುವವರುಂಟು. ಕೈಯಿಂದ ಮಾಡಿದ ಕ್ಯಾಮೆರಾ ಆದುದರಿಂದ ಒಂದರ ಹೋಲ್ಡರು ಮತ್ತೊಂದಕ್ಕೆ ಸಾಮಾನ್ಯವಾಗಿ ಕೂರದು. ಹೋಲ್ಡರು ಹೋದರೆ ಕ್ಯಾಮೆರಾ ಬರೀ ಪೆಟ್ಟಿಗೆ. ಹಾಫ್ ಪ್ಲೇಟ್ ಎಂದರೆ 4¾ × 6½ ಅಂಗುಲ, ಫುಲ್ ಪ್ಲೇಟ್ ಎಂದರೆ 6½ × 8½ ಅಂಗುಲ, ಅಳೆದು ಗುರುತಿಟ್ಟುಕೊಳ್ಳಿ.

ಎರಡನೆಯದು ತಿದಿ. ರಾತ್ರಿ ದೀಪ ಆರಿಸಿ, ತಿದಿಯನ್ನು ಪೂರ್ತಿ ಎಳೆದು ಒಳಗೆ ಟಾರ್ಚ್ ಹಿಡಿಯಿರಿ. ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಚಿತ್ರ ಹಾಳು. ಸಣ್ಣ ತೂತಿಗೆ ತೆಳು ಕಪ್ಪು ಬಟ್ಟೆಯನ್ನು ರಬ್ಬರ್ ಸೊಲ್ಯೂಷನ್‌ನಿಂದ ಅಂಟಿಸಿದರೆ ಸಾಕು. ಪೂರ್ತಿ ಕೊಳೆತಿದ್ದರೆ ಹಾರ್ಮೋನಿಯಂ ರಿಪೇರಿಯವರನ್ನು ಕೇಳಿ ನೋಡಬಹುದು. ಹಿಂದಿನ ಮಸುಕು ಗಾಜು ಒಡೆದಿದ್ದರೆ ಚಿಂತೆಯಿಲ್ಲ. ಪಂಪ್‌ಸೆಟ್ಟಿಗೆ ತರುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಎರಡು ಗಾಜುಗಳನ್ನು ಒಂದಕ್ಕೊಂದು ಉಜ್ಜಿದರೆ ಹೊಸದು ಸಿದ್ಧ. ಉಜ್ಜಿದ ಮೈ ಮಾತ್ರ ಲೆನ್ಸಿನ ಕಡೆಗೇ ಇರಬೇಕು. ತಿರುಗಿಸಿ ಕೂರಿಸಿದರೆ ಫೋಕಸ್ ತಪ್ಪುತ್ತದೆ.

ಹಿತ್ತಾಳೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ, ಮರಕ್ಕೆ ವಾರ್ನಿಷ್ ಬಳಿಯಬೇಡಿ. ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಖಂಡಿತ. ಹಾಗೆಂದು ಒಲೆಯ ಮೇಲಿನ ಅಟ್ಟದಲ್ಲೋ, ಅಡಿಕೆ ಡ್ರೈಯರಿನ ಪಕ್ಕದಲ್ಲೋ ಇಟ್ಟರೆ ಅಂಟು ಒಣಗಿ ಸಂದು ಬಿಡುತ್ತದೆ, ತೊಗಲು ಬಿರಿಯುತ್ತದೆ. ಲೆನ್ಸನ್ನು ಬಿಚ್ಚಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಮರದ ಭಾಗಕ್ಕೆ ಗಾಳಿಯಾಡುವ ಕೋಣೆ ಸಾಕು.

ಇನ್ನು ಚಿತ್ರ ತೆಗೆಯುವುದು. ಗಾಜಿನ ಪ್ಲೇಟು ಬೇಕೇ ಬೇಕೆಂದಿಲ್ಲ. ಕಪ್ಪು-ಬಿಳುಪು ಫೋಟೋ ಕಾಗದವನ್ನು ಅಳತೆಗೆ ಕತ್ತರಿಸಿ ಹೋಲ್ಡರಿನಲ್ಲಿ ಹಾಕಿದರೆ ಅದೇ ನೆಗೆಟಿವ್. ಕೆಂಪು ದೀಪದಲ್ಲಿ ಕೆಲಸ ಮಾಡಬಹುದು, ಆದ್ದರಿಂದ ಕಲಿಯುವವರಿಗೆ ಇದೇ ಸುಲಭ. ಆಮೇಲೆ ಅದನ್ನು ಇನ್ನೊಂದು ಕಾಗದದ ಮೇಲೆ ಒತ್ತಿ ಬೆಳಕು ಕೊಟ್ಟರೆ ಪ್ರಿಂಟು. ದೊಡ್ಡದು ಮಾಡುವ ಯಂತ್ರವೇ ಬೇಡ.

ಕಪ್ಪು ಬಟ್ಟೆ ಹೊದ್ದು ಗಾಜಿನಲ್ಲಿ ನೋಡಿದಾಗ ತೋಟ ತಲೆಕೆಳಗಾಗಿ ಕಾಣುತ್ತದೆ. ಎರಡು ದಿನದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಫೋಕಸ್ ಮಾಡಿ, ಲೆನ್ಸ್ ಮುಚ್ಚಿ, ಹೋಲ್ಡರು ಕೂರಿಸಿ, ಅದರ ಹಲಗೆ ಎಳೆಯಿರಿ. ಬಯಲಿನ ನೆರಳಿನಲ್ಲಿ ಎಫ್ 16 ಇಟ್ಟರೆ ಲೆನ್ಸಿನ ಮುಚ್ಚಳವನ್ನು ಒಂದೆರಡು ಸೆಕೆಂಡು ತೆಗೆದು ಹಾಕಿದರಾಯಿತು. ಮನೆಯ ಹಿರಿಯರ ಚಿತ್ರ ತೆಗೆಯುವುದಾದರೆ ಒರಗುವ ಕುರ್ಚಿ ಕೊಡಿ. ಅಷ್ಟು ಹೊತ್ತು ತಲೆ ಅಲುಗಿಸದೆ ಕೂರುವುದು ಅವರಿಗೆ ಸುಲಭವಲ್ಲ.