ದೋಣಿ ಬಿಡದ ದಿನ: ಪರದೇಶದ ಕಡವಿನಲ್ಲಿ ನಮ್ಮೂರ ಮಕ್ಕಳು

ಆಟಿಯ ಮಳೆಗೆ ನೇತ್ರಾವತಿ ಕೆಂಪಾಗಿ ಏರತೊಡಗಿತೆಂದರೆ ಬಂಟ್ವಾಳದ ಹೊಳೆಬದಿಯ ಜನಕ್ಕೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಕಡವಿನ ದೋಣಿಯನ್ನು ಅಂಬಿಗ ದಡಕ್ಕೆಳೆದು ತೆಂಗಿನ ಬುಡಕ್ಕೆ ಕಟ್ಟಿದನೆಂದರೆ ಆಚೆ ದಡದ ಶಾಲೆಗೆ ಹೋಗುವ ಮಕ್ಕಳಿಗೆ ಅಂದು ರಜೆ. ತುರ್ತಿದ್ದವರು ಪಾಣೆಮಂಗಳೂರಿನ ಸೇತುವೆಯನ್ನೋ ಉಪ್ಪಿನಂಗಡಿಯನ್ನೋ ಸುತ್ತಿಕೊಂಡು ಹೋಗಬೇಕು. ಅಜಿಲಮೊಗರು ಮತ್ತು ಕಡೇಶಿವಾಲಯದ ನಡುವೆ ಹಾಗೆ ದೋಣಿ ದಾಟಿ ಓದಿದವರು ಇಂದು ಮಕ್ಕಳ ತಂದೆತಾಯಿಯರು. 1923ರ ಮತ್ತು 1974ರ ‘ಮಾರಿ ಬೊಳ್ಳ’ದ ಕಥೆ ಕೇಳಿ ಬೆಳೆದ ಊರು ಅದು. ಅಂಬಿಗ ‘ಇವತ್ತು ಆಗುವುದಿಲ್ಲ’ ಎಂದರೆ ಅವನೊಡನೆ ವಾದಕ್ಕೆ ನಿಲ್ಲುವವರಿರಲಿಲ್ಲ.

ಹೊಳೆಯಷ್ಟೇ ಅಲ್ಲ, ಕಡಲಿನದೂ ಅದೇ ಲೆಕ್ಕ. ಒಂದು ಕಾಲಕ್ಕೆ ಬಂಟ್ವಾಳದ ಪೇಟೆಯಿಂದ ಸರಕಿನ ದೋಣಿಗಳು ನೇತ್ರಾವತಿಯ ಮೇಲೆಯೇ ಮಂಗಳೂರಿಗೆ ಇಳಿಯುತ್ತಿದ್ದವು. ಅಲ್ಲಿಂದ ಮುಂಬಯಿಗೆ ಹೋಗುವವರಿಗೆ ಹಡಗು. ಹೋಟೆಲು ಕೆಲಸ ಹುಡುಕಿ ಹೊರಟವರು, ರಾತ್ರಿ ಶಾಲೆಯಲ್ಲಿ ಓದುವ ಕನಸು ಕಟ್ಟಿಕೊಂಡವರು ಎಷ್ಟೋ ಮಂದಿ ಆ ಹಡಗು ಹತ್ತಿದವರೇ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಕರಾವಳಿಯ ಹಡಗುಗಳೂ ಮಳೆಗಾಲದ ವಿಶ್ರಾಂತಿಗೆ ಸಿದ್ಧವಾಗುತ್ತಿದ್ದವು. ಮುಂದೆ ಮಳೆ ಹಿಂದೆ ಸರಿಯುವವರೆಗೆ ಕಾಯಬೇಕಿತ್ತು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಂಟಪದ ತಳದಲ್ಲಿ ಜಿರಾಫೆಯ ಕೆತ್ತನೆಯನ್ನು ತೋರಿಸುತ್ತಾರೆ. ಈ ನೆಲದಲ್ಲಿ ಇಲ್ಲದ ಪ್ರಾಣಿ. ಕಡಲ ವ್ಯಾಪಾರದ ನಂಟಿನಿಂದ ಬಂದ ಸುದ್ದಿಯೆಂದು ಬಲ್ಲವರು ಹೇಳುವುದುಂಟು. ಇಂದು ಅದೇ ಮೂಡುಬಿದಿರೆಯ, ಉಜಿರೆಯ, ಬಂಟ್ವಾಳದ ಕಾಲೇಜುಗಳಲ್ಲಿ ಓದಿದ ಮಕ್ಕಳು ಉನ್ನತ ವ್ಯಾಸಂಗಕ್ಕೆ ಐರ್ಲೆಂಡ್, ಜರ್ಮನಿ, ಫಿನ್ಲೆಂಡ್ ಎಂದು ಹೊರಡುತ್ತಿದ್ದಾರೆ. ವಿಮಾನದ ಬಗ್ಗೆ ಮನೆಯವರೆಲ್ಲ ಕೂತು ವಿಚಾರಿಸುತ್ತಾರೆ. ಅಲ್ಲಿಗೆ ಹೋದ ಮೇಲೆ ಮಗ ಅಥವಾ ಮಗಳು ಹಡಗನ್ನೂ ಹತ್ತಬೇಕಾದೀತು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಯುರೋಪಿನಲ್ಲಿ ಅದು ಬಸ್ಸಿನಷ್ಟೇ ಮಾಮೂಲು. ಹೆಲ್ಸಿಂಕಿಯಿಂದ ಟಾಲಿನ್‌ಗೆ ಸುಮಾರು ಎರಡು ಗಂಟೆ, ಡೋವರಿನಿಂದ ಕಲೇಗೆ ಒಂದೂವರೆ ಗಂಟೆ, ಡಬ್ಲಿನ್‌ನಿಂದ ವೇಲ್ಸಿನ ಹೋಲಿಹೆಡ್‌ಗೆ ಮೂರು ಗಂಟೆಗೆ ತುಸು ಹೆಚ್ಚು. ಹೊರೆ ಹೆಚ್ಚಿರುವ, ಕೈಯಲ್ಲಿ ಕಾಸು ಕಡಿಮೆಯಿರುವ ವಿದ್ಯಾರ್ಥಿಗಳಿಗೆ ಈ ಫೆರಿಗಳು ಒಗ್ಗುತ್ತವೆ.

ಒಗ್ಗದ ದಿನವೂ ಬರುತ್ತದೆ. 2024ರ ಡಿಸೆಂಬರ್ 6 ಮತ್ತು 7ರಂದು ಡಾರಾ ಎಂಬ ಬಿರುಗಾಳಿ ಬ್ರಿಟನ್ನಿನ ಪಶ್ಚಿಮ ಕರಾವಳಿಗೆ ಅಪ್ಪಳಿಸಿತು. ಆ ಹೊತ್ತಿನಲ್ಲಿ ಹೋಲಿಹೆಡ್ ಬಂದರಿನ ದಕ್ಕೆಗೆ ಹಾನಿಯಾಗಿ ಫೆರಿಗಳು ನಿಂತವು. ಎರಡು ದಿನದ ಮಾತು ಎಂದುಕೊಂಡವರಿಗೆ ಕ್ರಿಸ್ಮಸ್ ಕಳೆದು ಹೊಸ ವರ್ಷ ಬಂದರೂ ಬಂದರು ತೆರೆಯಲಿಲ್ಲ. ಒಂದು ದಕ್ಕೆ ಮತ್ತೆ ಕೆಲಸ ಆರಂಭಿಸಿದ್ದು 2025ರ ಜನವರಿ 16ರಂದು. ರಜೆಗೆ ಮನೆಗೆ ಹೊರಟಿದ್ದ ಸಾವಿರಾರು ಜನ ದಕ್ಷಿಣದಲ್ಲಿ ಫಿಶ್‌ಗಾರ್ಡ್ ಮತ್ತು ಪೆಂಬ್ರೋಕಿನಿಂದ ರಾಸ್‌ಲೇರ್‌ಗೆ, ಉತ್ತರದಲ್ಲಿ ಸ್ಕಾಟ್ಲೆಂಡಿನ ತುದಿಯಿಂದ ಬೆಲ್‌ಫಾಸ್ಟಿಗೆ ಸುತ್ತಿ ಹೋದರು. ಪಾಣೆಮಂಗಳೂರಿನ ಸೇತುವೆ ಸುತ್ತಿದಂತೆಯೇ, ಆದರೆ ನೂರಾರು ಮೈಲಿನ ಸುತ್ತು.

ಬೆಳ್ತಂಗಡಿಯವರಿಗೆ ಈ ಸುತ್ತುಬಳಸು ಹೊಸತೇನಲ್ಲ. 2019ರ ಆಗಸ್ಟ್ ನೆರೆಯಲ್ಲಿ ತಾಲೂಕಿನ ಸೇತುವೆಗಳು ಕೊಚ್ಚಿಹೋದವು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿತು. ಚಾರ್ಮಾಡಿ ಇಲ್ಲವಾದರೆ ಶಿರಾಡಿ, ಶಿರಾಡಿಯೂ ಇಲ್ಲವಾದರೆ ಸಂಪಾಜೆ ಎಂದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಪರದೇಶದಲ್ಲಿ ಹಡಗು ಹತ್ತುವ ಮುನ್ನವೂ ಇದೇ ಪಾಠ ಬೇಕು. ಒಂದು ಬಂದರು ಮುಚ್ಚಿದರೆ ಪಕ್ಕದ್ದು ಯಾವುದು, ಅಲ್ಲಿಗೆ ರೈಲು ಉಂಟೇ, ಕೊನೆಯ ರೈಲು ಎಷ್ಟು ಹೊತ್ತಿಗೆ? ನಕ್ಷೆ ಬಿಡಿಸಿ ಅರ್ಧ ಗಂಟೆ ಕೂತರೆ ಸಾಕು.

ಇನ್ನು ಹಣದ ಮಾತು. ಹಡಗು ತಡವಾದರೆ ಪ್ರಯಾಣಿಕನಿಗೆ ಸಿಗಬೇಕಾದ್ದೇನು ಎಂಬುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ 2010ರ ಕಾನೂನೊಂದಿದೆ. 1177 ಅದರ ಸಂಖ್ಯೆ. ಒಕ್ಕೂಟದ ಬಂದರಿನಿಂದ ಹೊರಡುವ ಯಾರಿಗೂ ಅದು ಅನ್ವಯ, ಪಾಸ್‌ಪೋರ್ಟಿನ ಬಣ್ಣ ಯಾವುದೇ ಇರಲಿ. ನಮ್ಮ ವಿದ್ಯಾರ್ಥಿಗಳು ಇದು ತಮಗಲ್ಲವೆಂದು ಸುಮ್ಮನಿದ್ದುಬಿಡುತ್ತಾರೆ. ಅದು ತಪ್ಪು. ಹೊರಡುವ ಸಮಯ ಮೀರಿ ಮೂವತ್ತು ನಿಮಿಷದೊಳಗೆ ಕಂಪೆನಿ ವಿಷಯ ತಿಳಿಸಬೇಕು. ಹೊರಡುವುದು ತೊಂಬತ್ತು ನಿಮಿಷಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಅಥವಾ ಯಾನ ರದ್ದಾದರೆ ಎರಡರಲ್ಲೊಂದನ್ನು ಪ್ರಯಾಣಿಕನೇ ಆರಿಸಬಹುದು: ಹೆಚ್ಚು ಹಣ ತೆರದೆ ಬೇರೆ ಹಡಗು ಅಥವಾ ಬೇರೆ ದಾರಿಯಲ್ಲಿ ಮುಂದಕ್ಕೆ ಹೋಗುವುದು, ಇಲ್ಲವೇ ಟಿಕೆಟ್ಟಿನ ಹಣ ಹಿಂದಕ್ಕೆ ಪಡೆಯುವುದು. ಕಾಯುವ ಹೊತ್ತಿಗೆ, ಒದಗಿಸಲು ಸಾಧ್ಯವಿದ್ದಷ್ಟು, ತಿಂಡಿ ಅಥವಾ ಊಟವನ್ನೂ ಕೊಡಬೇಕು. ರಾತ್ರಿ ಉಳಿಯಬೇಕಾಗಿ ಬಂದರೆ ವಸತಿ ಉಂಟು. ದಡದ ಮೇಲೆ ರಾತ್ರಿಗೆ 80 ಯೂರೋ, ಮೂರು ರಾತ್ರಿಯವರೆಗೆ ಎಂದು ಕಂಪೆನಿ ಮಿತಿ ಹಾಕಬಹುದು.

ಪರಿಹಾರ ಬೇರೆ. ನಾಲ್ಕು ಗಂಟೆಯೊಳಗಿನ ಯಾನ ಒಂದು ಗಂಟೆ ತಡವಾಗಿ ತಲುಪಿದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆ ಮೀರಿದರೆ ಅರ್ಧ. ಯಾನ ಉದ್ದವಾದಂತೆ ಈ ಗಂಟೆಗಳೂ ಏರುತ್ತವೆ: ನಾಲ್ಕರಿಂದ ಎಂಟು ಗಂಟೆಯ ಯಾನಕ್ಕೆ ಎರಡು ಗಂಟೆಯ ವಿಳಂಬ, ಎಂಟರಿಂದ ಇಪ್ಪತ್ತನಾಲ್ಕು ಗಂಟೆಯದಕ್ಕೆ ಮೂರು, ಅದಕ್ಕೂ ಮೇಲಿನದಕ್ಕೆ ಆರು. ಇಂಜಿನ್ ಕೆಟ್ಟು ಮೂರು ಗಂಟೆಯ ಯಾನ ಒಂದೂವರೆ ಗಂಟೆ ತಡವಾಯಿತು, ಟಿಕೆಟ್ 40 ಯೂರೋ ಎನ್ನಿ. ಕೈಗೆ ಬರಬೇಕಾದ್ದು 10 ಯೂರೋ. ದೊಡ್ಡ ಮೊತ್ತವಲ್ಲ, ಆದರೆ ಡಬ್ಲಿನ್‌ನಲ್ಲಿ ಓದುವ ಹುಡುಗನಿಗೆ ಒಂದೆರಡು ಹೊತ್ತಿನ ಊಟ.

ಆದರೆ ಅಂಬಿಗನ ಮಾತು ಇಲ್ಲಿಯೂ ನಡೆಯುತ್ತದೆ. ಹಡಗಿಗೆ ಅಪಾಯ ತರುವ ಹವಾಮಾನದಿಂದ ಯಾನ ನಿಂತರೆ ಪರಿಹಾರವೂ ಇಲ್ಲ, ಹೋಟೆಲಿನ ಖರ್ಚೂ ಇಲ್ಲ. ಊಟ, ಬೇರೆ ಹಡಗು ಅಥವಾ ಹಣ ವಾಪಸ್ ಇವು ಮಾತ್ರ ಆಗಲೂ ಉಳಿಯುತ್ತವೆ. ಬಂದರಿನ ಕೌಂಟರಿನಲ್ಲಿ ‘ಗಾಳಿ, ಏನೂ ಸಿಗುವುದಿಲ್ಲ’ ಎಂಬ ಉತ್ತರ ಬಂದರೆ ಅದು ಅರ್ಧ ಸತ್ಯ. ಮರ್ಯಾದೆಯಿಂದ, ಬಿಡದೆ, ಉಳಿದರ್ಧವನ್ನು ಕೇಳಬೇಕು. ನಮ್ಮ ಮಕ್ಕಳಿಗೆ ಪರೀಕ್ಷೆಯಲ್ಲಿ ಬರೆಯುವುದು ಗೊತ್ತು, ಕೌಂಟರಿನಲ್ಲಿ ಕೇಳುವುದು ಗೊತ್ತಿಲ್ಲ.

ದಿನ, ಹೊತ್ತು ನಮೂದಿಸದ ‘ಓಪನ್ ಟಿಕೆಟ್’ ಕೊಂಡವರಿಗೆ ಈ ಹಕ್ಕುಗಳಲ್ಲಿ ಹೆಚ್ಚಿನವು ಸಲ್ಲುವುದಿಲ್ಲ. ಹೊರಡುವ ಹೊತ್ತು ಅಚ್ಚಾಗಿರುವ ಟಿಕೆಟ್ಟೇ ಲೇಸು. ದೂರು ಬರೆದು ಕೊಡಲು ಎರಡು ತಿಂಗಳ ಅವಧಿಯಿದೆ. ದೂರು ಮುಟ್ಟಿದ ಒಂದು ತಿಂಗಳೊಳಗೆ ಕಂಪೆನಿ ಏನಾದರೊಂದು ಉತ್ತರ, ಎರಡು ತಿಂಗಳೊಳಗೆ ಅಂತಿಮ ಉತ್ತರ ಕೊಡಬೇಕು. ಟಿಕೆಟ್, ರದ್ದಾದ ಪ್ರಕಟಣೆಯ ಫೋಟೋ, ಊಟದ ಬಿಲ್ಲು ಇವಿಲ್ಲದೆ ಬರೆದ ಪತ್ರಕ್ಕೆ ತೂಕವಿರದು.

ಹಣಕ್ಕಿಂತ ದೊಡ್ಡ ತೊಡಕು ವೀಸಾದ್ದು. ಐರ್ಲೆಂಡಿನಲ್ಲಿ ಓದುವ ವಿದ್ಯಾರ್ಥಿ ರಜೆಗೆ ಷೆಂಗೆನ್ ವೀಸಾ ಪಡೆದು ಫ್ರಾನ್ಸಿಗೆ ಹೋಗಿದ್ದಾಳೆ ಎನ್ನಿ. ವೀಸಾದ ಕೊನೆಯ ದಿನ ಸಂಜೆಯ ಹಡಗಿಗೆ ಟಿಕೆಟ್. ಗಾಳಿಗೆ ಹಡಗು ರದ್ದಾಯಿತು. ಬೆಳಗಾದರೆ ಆಕೆ ವೀಸಾ ಮೀರಿ ಉಳಿದವಳು. ಮುಂದಿನ ಅರ್ಜಿಗಳಲ್ಲೆಲ್ಲ ಅದು ಕಾಡಬಹುದು. ತನ್ನ ಕೈಮೀರಿದ ಕಾರಣದಿಂದ ಸಿಕ್ಕಿಬಿದ್ದವರಿಗೆ ಷೆಂಗೆನ್ ನಿಯಮದಲ್ಲಿ ಶುಲ್ಕವಿಲ್ಲದೆ ವೀಸಾ ವಿಸ್ತರಣೆಗೆ ಅವಕಾಶವಿದೆ. ಆದರೆ ಅವಧಿ ಮುಗಿಯುವ ಮೊದಲೇ ಅಲ್ಲಿಯ ಅಧಿಕಾರಿಗಳ ಬಳಿಗೆ ಹೋಗಬೇಕು, ಹಡಗು ರದ್ದಾದುದಕ್ಕೆ ಕಂಪೆನಿಯ ಪತ್ರ ಕೈಯಲ್ಲಿರಬೇಕು. ಕೊನೆಯ ದಿನಕ್ಕೆ ಹಿಂದಿರುಗುವ ಟಿಕೆಟ್ ತೆಗೆಯದಿರುವುದು ಇದೆಲ್ಲಕ್ಕಿಂತ ಸುಲಭ. ಹೋಲಿಹೆಡ್ ಕಡೆಗೆ ಹೊರಟವರೂ ನೆನಪಿಡಬೇಕು: ಡಬ್ಲಿನ್‌ನಲ್ಲಿ ಓದುತ್ತಿದ್ದರೂ ಭಾರತೀಯರಿಗೆ ಬ್ರಿಟನ್ನಿಗೆ ಬೇರೆ ಅನುಮತಿ ಬೇಕು. ಸುತ್ತುದಾರಿ ಬೆಲ್‌ಫಾಸ್ಟಿನ ಮೂಲಕವಾದರೆ ಅದೂ ಬ್ರಿಟನ್ನಿನ ಆಡಳಿತದ ನೆಲವೇ.

ವಿಮೆಯ ಬಗ್ಗೆ ತಂದೆತಾಯಿಯರಲ್ಲಿ ತಪ್ಪು ಕಲ್ಪನೆಯಿದೆ. ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೋ ವಿಮೆ ಕಾಯಿಲೆ, ಅಪಘಾತದಂಥ ತುರ್ತಿಗೆ ಸಂಬಂಧಿಸಿದ್ದು. ತಪ್ಪಿದ ಹಡಗಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಯಾಣ ವಿಳಂಬಕ್ಕೂ ಹಣ ಕೊಡುವ ಪಾಲಿಸಿಯಾದರೆ ‘ಕಾಮನ್ ಕ್ಯಾರಿಯರ್’ ಎಂಬ ಪದಕ್ಕೆ ಅದರಲ್ಲಿ ಯಾವ ಅರ್ಥ ಕೊಟ್ಟಿದ್ದಾರೆಂದು ಓದಿ. ಅಲ್ಲಿ ವಿಮಾನವಷ್ಟೇ ಇದ್ದರೆ ಹಡಗಿನವರಿಗೆ ಪ್ರಯೋಜನವಿಲ್ಲ.

ಪರದೇಶದ ಹಡಗು ಹತ್ತಲು ಯುರೋಪಿಗೇ ಹೋಗಬೇಕೆಂದಿಲ್ಲ. ತಮಿಳುನಾಡಿನ ನಾಗಪಟ್ಟಣದಿಂದ ಶ್ರೀಲಂಕಾದ ಕಾಂಕೇಸಂತುರೈಗೆ 2023ರ ಅಕ್ಟೋಬರ್ 14ರಂದು ಫೆರಿ ಆರಂಭವಾಯಿತು. ಒಂದು ವಾರದಲ್ಲಿ ಹಿಂಗಾರು ಅದನ್ನು ನಿಲ್ಲಿಸಿತು. ಮತ್ತೆ ಹೊರಟದ್ದು 2024ರ ಆಗಸ್ಟ್ 16ರಂದು. ಆ ಕಡಲಿಗೆ ಹಳೆಯ ನೆನಪುಗಳಿವೆ. ಧನುಷ್ಕೋಡಿಯಿಂದ ತಲೈಮನ್ನಾರಿಗೆ ರೈಲಿನವರನ್ನು ದಾಟಿಸುತ್ತಿದ್ದ ಹಡಗಿನ ದಾರಿಯನ್ನು 1964ರ ಡಿಸೆಂಬರಿನ ಚಂಡಮಾರುತ ಊರಿನ ಸಮೇತ ಅಳಿಸಿಹಾಕಿತು. ಇಲ್ಲಿ ಯುರೋಪಿನ ಕಾನೂನು ನಡೆಯದು. ಟಿಕೆಟ್ಟಿನ ಹಿಂದೆ ಬರೆದ ಷರತ್ತೇ ಗತಿ. ಅಕ್ಟೋಬರ್, ನವೆಂಬರಿನಲ್ಲಿ ಈ ದಾರಿಯಾಗಿ ಶೈಕ್ಷಣಿಕ ಪ್ರವಾಸ ಹಾಕಿಕೊಳ್ಳುವ ಕಾಲೇಜು ಕ್ಯಾಲೆಂಡರ್ ನೋಡಿಲ್ಲವೆಂದೇ ಹೇಳಬೇಕು.

ಮನೆಯಲ್ಲಿ ಕೂತವರ ಕಷ್ಟ ಬೇರೆ. ಚಳಿಗಾಲದಲ್ಲಿ ಡಬ್ಲಿನ್ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಹತ್ತಕ್ಕೆ ಹಡಗು ರದ್ದೆಂದು ಪ್ರಕಟವಾದಾಗ ಬೆಳ್ತಂಗಡಿಯಲ್ಲಿ ನಸುಕಿನ ಮೂರೂವರೆ. ಆ ಹೊತ್ತಿಗೆ ಮೇಲಿಂದ ಮೇಲೆ ಫೋನು ಮಾಡಿದರೆ ಬಂದರಿನಲ್ಲಿ ಸಾಲು ನಿಂತ ಮಗನ ಬ್ಯಾಟರಿ ಖಾಲಿಯಾಗುವುದಷ್ಟೇ ಲಾಭ. ಹೊರಡುವ ಮುನ್ನವೇ ಮಾತಾಗಿರಲಿ: ರದ್ದಾದರೆ ಒಂದು ಸಾಲಿನ ಸಂದೇಶ, ಮಲಗಲು ಜಾಗ ಸಿಕ್ಕ ಮೇಲೆ ಇನ್ನೊಂದು. ಒಂದು ರಾತ್ರಿಯ ಕೋಣೆಗೆ ಸಾಲುವಷ್ಟು ಹಣ ಬೇರೆ ಕಾರ್ಡಿನಲ್ಲಿ ಇರಲಿ. ಅದನ್ನು ಮುಟ್ಟಿದ್ದಕ್ಕೆ ಆಮೇಲೆ ಬೈಯುವುದಿಲ್ಲ ಎಂದೂ ಅಪ್ಪ ಮೊದಲೇ ಹೇಳಿಬಿಡಲಿ.