ಎಮ್ಮೆ ಹಾಲು ಕಲಿಸಿದ ಪಾಠ

ಸಂಶೋಧನಾಲಯದಲ್ಲಿ ಕಂಡುಹಿಡಿದ ವಿಧಾನ ಕಡತದಲ್ಲೇ ಉಳಿದರೆ ರೈತನಿಗೆ ಪ್ರಯೋಜನವಿಲ್ಲ. ಅದರಿಂದ ಸರಕು ತಯಾರಿಸುವ ಕೈಗಾರಿಕೆ ಬೇಕು. ಆ ಕೈಗಾರಿಕೆ ರೈತರದೇ ಆದರೆ ಲಾಭವೂ ಹಳ್ಳಿಗೆ ಬರುತ್ತದೆ. ಇದಕ್ಕೆ ನಮ್ಮ ಮೈಸೂರಿನಿಂದಲೇ ಹೊರಟ ಉದಾಹರಣೆಯೊಂದಿದೆ.

ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., 1950ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಆಗ ಡಬ್ಬಿಯ ಶಿಶು ಆಹಾರ ಬಹುಮಟ್ಟಿಗೆ ಹೊರದೇಶದಿಂದ ಬರುತ್ತಿತ್ತು. ನಮ್ಮಲ್ಲಿ ಎಮ್ಮೆ ಹಾಲು ಧಾರಾಳವಾಗಿದ್ದರೂ ಅದು ಶಿಶುವಿಗೆ ಒಗ್ಗುತ್ತಿರಲಿಲ್ಲ. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 4 ಇದ್ದರೆ ಎಮ್ಮೆ ಹಾಲಿನಲ್ಲಿ ಸುಮಾರು ಶೇ. 7. ಕೇಸಿನ್ ಎಂಬ ಸಸಾರಜನಕವೂ ಹೆಚ್ಚು. ಹೀಗಾಗಿ ಹೊಟ್ಟೆಯಲ್ಲಿ ಹಾಲು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ.

ವಿಜ್ಞಾನಿಗಳು ಕೊಬ್ಬನ್ನು ತಗ್ಗಿಸಿ, ಹೆಪ್ಪು ಮೃದುವಾಗುವಂತೆ ಮಾಡಿ, ಜೀವಸತ್ವ ಸೇರಿಸಿ, ಹಾಲನ್ನು ತುಂತುರಾಗಿ ಸಿಡಿಸಿ ಬಿಸಿಗಾಳಿಯಲ್ಲಿ ಒಣಗಿಸುವ ವಿಧಾನ ರೂಪಿಸಿದರು. ತಾಯಿಯ ಹಾಲಿಗೆ ಸಮನಾದುದು ಇಲ್ಲವೆಂಬುದನ್ನು ಮರೆಯಬಾರದು. ಅದು ದೊರೆಯದ ಶಿಶುಗಳಿಗಾಗಿ ಈ ಪುಡಿ.

ವಿಧಾನವನ್ನು ಕೈಗೆತ್ತಿಕೊಂಡದ್ದು ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಒಕ್ಕೂಟ. 1946ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ ಅಮುಲ್. ಎಮ್ಮೆ ಹಾಲನ್ನು ಪುಡಿ ಮಾಡುವ ಕಾರ್ಖಾನೆ ಅಲ್ಲಿ 1955ರಲ್ಲೇ ಆರಂಭವಾಗಿತ್ತು. ಹಾಲು ಸಂಘದ್ದು, ಯಂತ್ರ ಸಂಘದ್ದು, ಮಾರಾಟವೂ ಸಂಘದ್ದು. ಕೊರತೆಯಿದ್ದುದು ವಿಧಾನವೊಂದೇ, ಅದನ್ನು ಮೈಸೂರು ಒದಗಿಸಿತು.

ಮೊದಲು ವಿಚಾರಿಸಿ

ಸಂಶೋಧನೆಯನ್ನು ಉದ್ಯಮಕ್ಕೆ ದಾಟಿಸಲು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ 1953ರಿಂದಲೂ ಇದೆ. ಸಿ.ಎಫ್.ಟಿ.ಆರ್.ಐ. ತನ್ನ ವಿಧಾನಗಳನ್ನು ಶುಲ್ಕ ಪಡೆದು ಉದ್ಯಮಗಳಿಗೆ ಕೊಡುತ್ತದೆ, ತರಬೇತಿಯನ್ನೂ ನೀಡುತ್ತದೆ. ರೈತ ಉತ್ಪಾದಕರ ಕಂಪನಿಗಳೂ ಇದನ್ನು ಬಳಸಿಕೊಳ್ಳಬೇಕು.

ಆದರೆ ಆತುರ ಬೇಡ. ನಮ್ಮ ತಾಲ್ಲೂಕಿನ ಗುಂಪೊಂದು ಸಾಲ ಮಾಡಿ ಟೊಮೆಟೊ ಸಂಸ್ಕರಣೆಯ ಯಂತ್ರ ತಂದಿತು. ಹಂಗಾಮು ಮುಗಿದೊಡನೆ ಹಣ್ಣಿಲ್ಲ. ತಯಾರಾದ ಸಾಸಿಗೆ ಗಿರಾಕಿಯಿಲ್ಲ. ಯಂತ್ರ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಯಂತ್ರ ಕೊಳ್ಳಲು ನಿರ್ಧರಿಸಿದ ಸಭೆಯಲ್ಲಿ ನಾನೂ ಇದ್ದೆ, ಕೇಳಬೇಕಾದುದನ್ನು ಕೇಳಲಿಲ್ಲ. ಆದ್ದರಿಂದ ಹಣ ಹೂಡುವ ಮುನ್ನ ಇವನ್ನು ವಿಚಾರಿಸಿ:

1. ವರ್ಷದಲ್ಲಿ ಎಷ್ಟು ತಿಂಗಳು ಕಚ್ಚಾ ಮಾಲು ಸಿಗುತ್ತದೆ?

2. ಶುಲ್ಕ, ಯಂತ್ರ, ವಿದ್ಯುತ್ ಸೇರಿ ಒಟ್ಟು ಖರ್ಚೆಷ್ಟು?

3. ಸಂಶೋಧನಾಲಯದಲ್ಲಿ ನಮ್ಮದೇ ಬೆಳೆಯಿಂದ ಸಣ್ಣ ಪ್ರಮಾಣದಲ್ಲಿ ತಯಾರಿಸಿ ನೋಡಬಹುದೇ?

4. ಆಹಾರ ಸುರಕ್ಷತಾ ಪರವಾನಗಿಗೆ ಏನು ಬೇಕು?

5. ಕೊಳ್ಳುವವರು ಯಾರು, ಯಾವ ಬೆಲೆಗೆ?

ಖೇಡಾದ ರೈತರು ಮೊದಲು ಸಂಘ ಕಟ್ಟಿದರು, ಹಾಲು ಕೂಡಿಸಿದರು, ಪೇಟೆ ಹಿಡಿದರು. ಸಂಶೋಧನೆ ಅವರ ಕೈಗೆ ಬಂದಾಗ ಅದನ್ನು ದುಡಿಸಿಕೊಳ್ಳಲು ಸಿದ್ಧರಾಗಿದ್ದರು. ನಮ್ಮ ಸಂಘಗಳೂ ಅದೇ ಕ್ರಮದಲ್ಲಿ ಹೆಜ್ಜೆ ಇಡಲಿ.